ವೈದ್ಯಕೀಯ ಸಾಫ್ಟ್‌ವೇರ್ ಕಟ್ಟುವ ಟೂಲ್‌ಗಳನ್ನು ಒರೆಗೆ ಹಚ್ಚುವುದು ಹೇಗೆ?

ಮಣಿಪಾಲದಲ್ಲೋ ಸುರತ್ಕಲ್‌ನಲ್ಲೋ ಎಂಜಿನಿಯರಿಂಗ್ ಮುಗಿಸಿದ ನಾಲ್ಕೈದು ಮಂದಿ ಸೇರಿ ಮಂಗಳೂರಿನಲ್ಲಿ ಒಂದು ಸಿರಿಂಜ್ ಪಂಪ್ ತಯಾರಿಸುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಐಸಿಯುವಿನಲ್ಲಿ ಮಲಗಿರುವ ರೋಗಿಯ ರಕ್ತನಾಳಕ್ಕೆ ಗಂಟೆಗೆ ಇಷ್ಟೇ ಮಿಲಿಲೀಟರ್ ಎಂದು ಔಷಧ ಹರಿಸುವ ಯಂತ್ರ ಅದು. ಜೊತೆಗೆ ದಾದಿಯರ ಕೈಯಲ್ಲಿರುವ ಟ್ಯಾಬ್ಲೆಟ್‌ಗೆ ಒಂದು ಆ್ಯಪ್. ಪಂಪ್‌ನೊಳಗಿನ ಸಾಫ್ಟ್‌ವೇರನ್ನು ಕೂಲಂಕಷವಾಗಿ ಪರೀಕ್ಷಿಸಬೇಕೆಂಬ ವಿಷಯದಲ್ಲಿ ಇಂಥ ತಂಡದಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರುವುದಿಲ್ಲ. ಆದರೆ ಆ ಸಾಫ್ಟ್‌ವೇರನ್ನು ಕಟ್ಟಿದ ಕಂಪೈಲರ್ (ಬರೆದ ಕೋಡನ್ನು ಯಂತ್ರದ ಸೂಚನೆಗಳಾಗಿಸುವ ಪ್ರೋಗ್ರಾಂ), ತಪ್ಪು ಹುಡುಕುವ ಅನಲೈಸರ್, ಟೆಸ್ಟ್ ಓಡಿಸುವ ಸರ್ವರ್ ಇವುಗಳನ್ನು ಯಾವ ಆಧಾರದ ಮೇಲೆ ನಂಬಿದಿರಿ ಎಂಬ ಪ್ರಶ್ನೆ ಹೆಚ್ಚಿನವರಿಗೆ ಮೊದಲು ಎದುರಾಗುವುದು ಆಡಿಟರ್‌ನ ಮುಂದೆ ಕುಳಿತಾಗಲೇ. ಆ ಪ್ರಶ್ನೆಗೆ ಮುಂಚಿತವಾಗಿಯೇ ಉತ್ತರ ಸಿದ್ಧಪಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಪಂಪ್‌ನ ತಂಡವನ್ನೇ ಉದಾಹರಣೆಯಾಗಿ ಕೊನೆಯವರೆಗೂ ಇಟ್ಟುಕೊಳ್ಳುತ್ತೇನೆ.

ನಿಯಮಗಳು ಏನು ಕೇಳುತ್ತವೆ

ಭಾರತದ ವೈದ್ಯಕೀಯ ಉಪಕರಣಗಳ ನಿಯಮಗಳು 2017ರಲ್ಲಿ ಪ್ರಕಟವಾಗಿ 2018ರ ಜನವರಿ 1ರಿಂದ ಜಾರಿಗೆ ಬಂದವು. 2020ರ ಫೆಬ್ರವರಿಯ ಅಧಿಸೂಚನೆಯ ನಂತರ ವೈದ್ಯಕೀಯ ಉದ್ದೇಶದ ಸಾಫ್ಟ್‌ವೇರ್ ಕೂಡ ಅವುಗಳ ವ್ಯಾಪ್ತಿಗೆ ಸೇರಿತು. ಈ ನಿಯಮಗಳ ಐದನೇ ಅನುಸೂಚಿಯಲ್ಲಿ ಗುಣಮಟ್ಟ ನಿರ್ವಹಣೆಯ ವ್ಯವಸ್ಥೆ ಹೇಗಿರಬೇಕೆಂಬ ವಿವರಣೆಯಿದೆ. ಅಂತಾರಾಷ್ಟ್ರೀಯ ಮಟ್ಟದಲ್ಲಿ ಇದಕ್ಕೆ ಸಂವಾದಿಯಾದದ್ದು ಐಎಸ್‌ಒ 13485 ಎಂಬ ಮಾನದಂಡ. ಅದರ 2016ರ ಆವೃತ್ತಿಯ 4.1.6ನೇ ಕಲಮಿನ ಪ್ರಕಾರ, ಗುಣಮಟ್ಟ ವ್ಯವಸ್ಥೆಯಲ್ಲಿ ಬಳಸುವ ಸಾಫ್ಟ್‌ವೇರನ್ನು ಮೊದಲ ಬಳಕೆಗೆ ಮುನ್ನವೂ, ಬದಲಾವಣೆಯಾದಾಗ ಅಗತ್ಯಕ್ಕೆ ತಕ್ಕಂತೆ ಮತ್ತೊಮ್ಮೆಯೂ, ಅಪಾಯಕ್ಕೆ ಅನುಗುಣವಾಗಿ ವ್ಯಾಲಿಡೇಟ್ ಮಾಡಬೇಕು, ಅಂದರೆ ಉದ್ದೇಶಿಸಿದ ಕೆಲಸಕ್ಕೆ ಅದು ತಕ್ಕುದೆಂದು ದೃಢಪಡಿಸಿಕೊಳ್ಳಬೇಕು. ವೈದ್ಯಕೀಯ ಸಾಫ್ಟ್‌ವೇರ್‌ನ ಜೀವನಚಕ್ರಕ್ಕೆಂದೇ ಇರುವ ಐಇಸಿ 62304 ಮಾನದಂಡ (2006ರಲ್ಲಿ ಬಂದು 2015ರಲ್ಲಿ ತಿದ್ದುಪಡಿಯಾದದ್ದು) ಇನ್ನೂ ನೇರವಾಗಿ, ಉತ್ಪನ್ನದ ಮೇಲೆ ಪರಿಣಾಮ ಬೀರಬಲ್ಲ ಟೂಲ್‌ಗಳನ್ನೂ ಅವುಗಳ ಸೆಟ್ಟಿಂಗ್‌ಗಳನ್ನೂ ನಿಯಂತ್ರಣದಲ್ಲಿ ಇಡುವಂತೆ 5.1.10ರಲ್ಲಿ ಹೇಳುತ್ತದೆ.

ಇಲ್ಲಿ ಒಂದು ಗೊಂದಲ ಪದೇ ಪದೇ ಆಗುತ್ತದೆ. ನಮ್ಮ ನಿಯಮಗಳಲ್ಲಿ ಉಪಕರಣಗಳಿಗೆ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿದ್ದರೆ, 62304ರಲ್ಲಿ ಸಾಫ್ಟ್‌ವೇರ್‌ಗೆ ಎ, ಬಿ, ಸಿ ಎಂಬ ಮೂರು ಸುರಕ್ಷತಾ ವರ್ಗಗಳಿವೆ. ಎರಡಕ್ಕೂ ಸಂಬಂಧವಿಲ್ಲ. 62304ರ ಸಿ ವರ್ಗವೆಂದರೆ ಸಾಫ್ಟ್‌ವೇರ್ ವಿಫಲವಾದರೆ ಸಾವು ಅಥವಾ ಗಂಭೀರ ಗಾಯ ಸಂಭವಿಸಬಹುದು ಎಂದು ಅರ್ಥ. ಪಂಪ್‌ನ ಹರಿವನ್ನು ಲೆಕ್ಕ ಹಾಕುವ ಭಾಗ ನಿಸ್ಸಂದೇಹವಾಗಿ ಆ ವರ್ಗಕ್ಕೆ ಸೇರುತ್ತದೆ. ನಿಮ್ಮ ಕಡತಗಳಲ್ಲಿ ಪ್ರತಿ ಬಾರಿಯೂ ‘ಉಪಕರಣದ ವರ್ಗ’, ‘ಸಾಫ್ಟ್‌ವೇರ್ ವರ್ಗ’ ಎಂದು ಬಿಡಿಸಿಯೇ ಬರೆಯಿರಿ.

ಇವುಗಳಲ್ಲಿ ಯಾವುದೂ ‘ಒಪ್ಪಿಗೆ ಪಡೆದ ಟೂಲ್‌ಗಳ ಪಟ್ಟಿ’ಯನ್ನು ಕೊಡುವುದಿಲ್ಲ. ಮಾರಾಟಗಾರರು ತೋರಿಸುವ ಪ್ರಮಾಣಪತ್ರ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದು ಅನ್ವಯವಾಗುವುದು ನಿರ್ದಿಷ್ಟ ಆವೃತ್ತಿಗೆ, ನಿರ್ದಿಷ್ಟ ಸೆಟ್ಟಿಂಗ್‌ಗಳಿಗೆ, ಜೊತೆಗೆ ಬರುವ ಸುರಕ್ಷತಾ ಕೈಪಿಡಿಯ ಷರತ್ತುಗಳಿಗೆ ಒಳಪಟ್ಟ ಬಳಕೆಗೆ ಮಾತ್ರ. ಆ ಕೈಪಿಡಿಯನ್ನು ಓದದೆ ಪ್ರಮಾಣಪತ್ರವನ್ನಷ್ಟೇ ಫೈಲಿಗೆ ಸೇರಿಸಿದರೆ ಪ್ರಯೋಜನವಿಲ್ಲ.

ಮೊದಲ ಹಂತ: ಇರುವುದನ್ನೆಲ್ಲ ಪಟ್ಟಿ ಮಾಡಿ

ಹಣ ಕೊಟ್ಟು ಕೊಂಡ ಟೂಲ್‌ಗಳು ಪಟ್ಟಿಯಲ್ಲಿ ತಾವಾಗಿಯೇ ಬರುತ್ತವೆ. ಬಿಟ್ಟುಹೋಗುವುದು ಯಾರೋ ಒಬ್ಬರು ಒಂದು ಸಂಜೆ ಬರೆದಿಟ್ಟ ಪೈಥಾನ್ ಸ್ಕ್ರಿಪ್ಟ್, ಟೆಸ್ಟ್ ಫಲಿತಾಂಶಗಳನ್ನು ಕೂಡಿಸುವ ಎಕ್ಸೆಲ್ ಶೀಟ್, ಔಷಧಗಳ ಗರಿಷ್ಠ ಮಿತಿಗಳ ಕೋಷ್ಟಕವನ್ನು ಸಿ ಭಾಷೆಯ ಕಡತವಾಗಿ ಪರಿವರ್ತಿಸುವ ಮ್ಯಾಕ್ರೋ. ಅಪಾಯ ಹೆಚ್ಚಾಗಿ ಇರುವುದು ಅಲ್ಲಿಯೇ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ದೈನಂದಿನ ವರದಿಯಿಂದ 15,841 ಕೋವಿಡ್ ಪಾಸಿಟಿವ್ ಪ್ರಕರಣಗಳು ತಪ್ಪಿಹೋಗಿದ್ದವು. ಪ್ರಯೋಗಾಲಯಗಳಿಂದ ಬಂದ ಮಾಹಿತಿಯನ್ನು ಎಕ್ಸೆಲ್‌ನ ಹಳೆಯ ಕಡತ ನಮೂನೆಗೆ ತುಂಬಿಸುತ್ತಿದ್ದುದೇ ಅದಕ್ಕೆ ಕಾರಣ. ಆ ನಮೂನೆಯ ಒಂದು ಹಾಳೆಯಲ್ಲಿ 65,536ಕ್ಕಿಂತ ಹೆಚ್ಚು ಸಾಲುಗಳು ಹಿಡಿಯುವುದಿಲ್ಲ. ಎಕ್ಸೆಲ್ ಇಲ್ಲಿ ಕೆಟ್ಟಿರಲಿಲ್ಲ, ಅದನ್ನು ಈ ಕೆಲಸಕ್ಕೆ ಹಚ್ಚುವ ಮುನ್ನ ಯಾರೂ ಅದರ ಮಿತಿಯನ್ನು ಕೇಳಿರಲಿಲ್ಲ.

ಪಟ್ಟಿ ಮಾಡುವಾಗಲೇ ಪ್ರತಿಯೊಂದರ ಮುಂದೆ ಅದು ಉತ್ಪನ್ನದೊಳಗೆ ಹೋಗುತ್ತದೆಯೇ ಇಲ್ಲವೇ ಎಂಬುದನ್ನು ಗುರುತು ಹಾಕಿ. ಕಂಪೈಲರ್ ಪಂಪ್‌ನೊಳಗೆ ಹೋಗುವುದಿಲ್ಲ. ಆದರೆ ಅದರ ಜೊತೆಗೆ ಬರುವ ಗಣಿತದ ಲೈಬ್ರರಿ ಹೋಗುತ್ತದೆ. ಒಳಗೆ ಹೋಗುವ ಇಂಥ ಹೊರಗಿನ ಭಾಗಗಳನ್ನು 62304 ‘ಸೂಪ್’ ಎಂಬ ಬೇರೆ ಹೆಸರಿನಿಂದ ಕರೆದು, ಅವುಗಳ ಹೆಸರು, ತಯಾರಕರು, ಆವೃತ್ತಿ, ಗೊತ್ತಿರುವ ದೋಷಗಳು ಇವನ್ನೆಲ್ಲ ಪ್ರತ್ಯೇಕವಾಗಿ ದಾಖಲಿಸಲು ಹೇಳುತ್ತದೆ. ಒಂದೇ ಡೌನ್‌ಲೋಡ್‌ನಲ್ಲಿ ಬಂದ ಎರಡು ವಸ್ತುಗಳು ಎರಡು ಬೇರೆ ಪಟ್ಟಿಗಳಿಗೆ ಸೇರಬಹುದು.

ಎರಡನೇ ಹಂತ: ಬಳಕೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಒರೆಗೆ ಹಚ್ಚಬೇಕಾದದ್ದು ನೀವು ಟೂಲ್‌ಗೆ ಒಪ್ಪಿಸಿದ ಕೆಲಸವನ್ನು. ‘ಗಿಟ್ ಬಳಸುತ್ತೇವೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಮೂಲ ಕೋಡ್‌ನ ಎಲ್ಲ ಆವೃತ್ತಿಗಳನ್ನು ಉಳಿಸಿಕೊಳ್ಳಲು ಗಿಟ್ ಬಳಸುತ್ತೇವೆ’ ಎಂಬುದು ಒಂದು ಬಳಕೆಯಾದರೆ, ‘ಬಿಡುಗಡೆಗೆ ಮುಖ್ಯಸ್ಥರು ಒಪ್ಪಿಗೆ ಕೊಟ್ಟದ್ದಕ್ಕೆ ಗಿಟ್‌ನ ದಾಖಲೆಯೇ ಸಾಕ್ಷಿ’ ಎಂಬುದು ಸಂಪೂರ್ಣವಾಗಿ ಬೇರೆ ಬಳಕೆ. ಎರಡನೆಯದರಲ್ಲಿ ಸಹಿ ಯಾರದು, ಅದನ್ನು ಇನ್ನೊಬ್ಬರು ಹಾಕಲು ಸಾಧ್ಯವೇ, ದಿನಾಂಕವನ್ನು ತಿದ್ದಬಹುದೇ ಎಂಬ ಪ್ರಶ್ನೆಗಳೆಲ್ಲ ಏಳುತ್ತವೆ. ಒಂದು ಟೂಲ್‌ಗೆ ಮೂರು ಬಳಕೆಗಳಿದ್ದರೆ ಮೂರು ಸಾಲು ಬರೆಯಿರಿ. ಮುಂದಿನ ಕೆಲಸವೆಲ್ಲ ಈ ಸಾಲುಗಳನ್ನು ಅವಲಂಬಿಸಿದೆ.

ಮೂರನೇ ಹಂತ: ಎರಡು ಪ್ರಶ್ನೆಗಳು

ಪ್ರತಿ ಸಾಲಿಗೂ ಎರಡೇ ಪ್ರಶ್ನೆ ಕೇಳಬೇಕು. ಈ ಟೂಲ್ ತಪ್ಪು ಮಾಡಿದರೆ ಅದು ರೋಗಿಯವರೆಗೆ ತಲುಪಬಹುದೇ? ತಲುಪುವ ಮುನ್ನ ಅದನ್ನು ಹಿಡಿಯುವವರು ಯಾರು, ಯಾವ ಹಂತದಲ್ಲಿ? ವಾಹನಗಳ ಸುರಕ್ಷತೆಯ ಐಎಸ್‌ಒ 26262 ಮಾನದಂಡದಲ್ಲಿ ಇದೇ ಜೋಡಿ ಪ್ರಶ್ನೆಗಳಿಂದ ಟೂಲ್‌ನ ದರ್ಜೆಯನ್ನು ನಿರ್ಧರಿಸುತ್ತಾರೆ; ವೈದ್ಯಕೀಯ ಮಾನದಂಡಗಳಲ್ಲಿ ಅಷ್ಟು ಸಿದ್ಧವಾದ ಕೋಷ್ಟಕವಿಲ್ಲದ ಕಾರಣ ಅದನ್ನು ಎರವಲು ಪಡೆಯುವುದರಲ್ಲಿ ಯಾವ ಮುಜುಗರವೂ ಬೇಡ.

ಉತ್ತರಗಳು ಕೆಲವೊಮ್ಮೆ ನಿರೀಕ್ಷೆಗೆ ವಿರುದ್ಧವಾಗಿರುತ್ತವೆ. ಕಂಪೈಲರ್ ತಪ್ಪು ಸೂಚನೆಗಳನ್ನು ಸೃಷ್ಟಿಸಿದರೆ ಅವು ನೇರವಾಗಿ ಪಂಪ್‌ಗೆ ಹೋಗುತ್ತವೆ, ಹೀಗಾಗಿ ಮೊದಲ ಪ್ರಶ್ನೆಗೆ ಉತ್ತರ ಭಯಾನಕವಾಗಿಯೇ ಇದೆ; ಆದರೆ ಅಂತಿಮ ಪರೀಕ್ಷೆಗಳನ್ನೆಲ್ಲ ಅದೇ ಕಂಪೈಲರ್‌ನಿಂದ ಹೊರಬಂದ ಬೈನರಿಯ (ಯಂತ್ರ ನೇರವಾಗಿ ಓಡಿಸುವ ಕಡತದ) ಮೇಲೆ, ನಿಜವಾದ ಪಂಪ್‌ನಲ್ಲಿಯೇ ಮಾಡುವುದರಿಂದ, ತಪ್ಪು ಸಿಕ್ಕಿಬೀಳುವ ಸಾಧ್ಯತೆಯೂ ಗಣನೀಯವಾಗಿದೆ. ಕೋಡನ್ನು ಓಡಿಸದೆ ಓದಿಯೇ ತಪ್ಪು ಹುಡುಕುವ ಸ್ಟ್ಯಾಟಿಕ್ ಅನಲೈಸರ್‌ನದು ತದ್ವಿರುದ್ಧ. ಅದು ಕೋಡ್‌ಗೆ ಒಂದಕ್ಷರವನ್ನೂ ಸೇರಿಸುವುದಿಲ್ಲವಾದ್ದರಿಂದ ಮೇಲ್ನೋಟಕ್ಕೆ ನಿರಪಾಯಕಾರಿ. ಆದರೆ ‘ಅನಲೈಸರ್ ಇದೆಯಲ್ಲ’ ಎಂದು ಮನುಷ್ಯರು ಕೋಡ್ ಓದುವುದನ್ನು ನಿಲ್ಲಿಸಿದ ದಿನವೇ ಅದರ ಮೌನಕ್ಕೆ ದೊಡ್ಡ ಬೆಲೆ ಬರುತ್ತದೆ. ಟೆಸ್ಟ್ ಓಡಿಸುವ ವ್ಯವಸ್ಥೆಯೂ ಹಾಗೆಯೇ: ಫೇಲಾದ ಟೆಸ್ಟನ್ನು ಪಾಸ್ ಎಂದು ತೋರಿಸಿದರೆ ಹಿಡಿಯುವವರು ಬೇರೆ ಯಾರೂ ಉಳಿದಿರುವುದಿಲ್ಲ.

ಇದರ ಆಧಾರದ ಮೇಲೆ ಸಾಲುಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿ. ಕೆಳದರ್ಜೆಯವಕ್ಕೆ, ಉದಾಹರಣೆಗೆ ಕೋಡ್ ಬರೆಯುವ ಎಡಿಟರ್‌ಗೆ, ಹೆಸರು, ಬಳಕೆ, ಕಾರಣ ಎಂಬ ಮೂರು ಸಾಲು ಸಾಕು. ಅಮೆರಿಕದ ಔಷಧ ಮತ್ತು ಉಪಕರಣಗಳ ನಿಯಂತ್ರಕ ಸಂಸ್ಥೆ ಎಫ್‌ಡಿಎ ಕೂಡ ತಯಾರಿಕೆ ಮತ್ತು ಗುಣಮಟ್ಟ ವ್ಯವಸ್ಥೆಯ ಸಾಫ್ಟ್‌ವೇರ್ ಕುರಿತು 2022ರಲ್ಲಿ ಕರಡಾಗಿ ಹೊರತಂದು 2025ರಲ್ಲಿ ಅಂತಿಮಗೊಳಿಸಿದ ಮಾರ್ಗಸೂಚಿಯಲ್ಲಿ ಇದೇ ಧೋರಣೆ ತಳೆದಿದೆ: ಅಪಾಯ ಹೆಚ್ಚಿರುವಲ್ಲಿ ಶ್ರಮ ಹಾಕಿ, ಕಡಿಮೆಯಿರುವಲ್ಲಿ ಕಾಗದ ತುಂಬಿಸಬೇಡಿ. ಎಲ್ಲ ಟೂಲ್‌ಗಳಿಗೂ ಒಂದೇ ಟೆಂಪ್ಲೇಟ್‌ನ ನಲವತ್ತು ಪುಟಗಳ ದಾಖಲೆ ಮಾಡುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಅಂಥ ದಾಖಲೆಯನ್ನು ಬರೆದವರೂ ಮತ್ತೆ ಓದುವುದಿಲ್ಲ.

ನಾಲ್ಕನೇ ಹಂತ: ಕಾಗದದ ಮೇಲಿನ ಸಾಕ್ಷ್ಯ

ಮೇಲಿನ ಎರಡು ದರ್ಜೆಗಳ ಟೂಲ್‌ಗಳನ್ನು ಪರೀಕ್ಷೆಗೆ ಒಡ್ಡುವ ಮುನ್ನ ಅವುಗಳ ಪೂರ್ವಾಪರ ತಿಳಿಯಬೇಕು. ತಯಾರಕರು ಗೊತ್ತಿರುವ ದೋಷಗಳ ಪಟ್ಟಿಯನ್ನು ಪ್ರಕಟಿಸುತ್ತಾರೆಯೇ? ಹಳೆಯ ಆವೃತ್ತಿಗೆ ಎಷ್ಟು ವರ್ಷ ತಿದ್ದುಪಡಿ ಸಿಗುತ್ತದೆ? ಜಿಸಿಸಿಯಂಥ ಮುಕ್ತ ಕಂಪೈಲರ್‌ನ ದೋಷಗಳ ಪಟ್ಟಿ ಯಾರು ಬೇಕಾದರೂ ನೋಡುವಂತೆ ತೆರೆದಿದೆ. ದುಬಾರಿ ಟೂಲ್‌ಗಳ ಪಟ್ಟಿಯನ್ನು ಕೆಲವು ಕಂಪನಿಗಳು ಗ್ರಾಹಕರಿಗೂ ಸಂಕೋಚದಿಂದಲೇ ಕೊಡುತ್ತವೆ. ಹಾಗಿದ್ದರೂ ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಬಿಟ್ಟಿ ಸಿಗುವ ಟೂಲನ್ನು ಸಂಶಯದಿಂದಲೂ ಬೆಲೆ ತೆತ್ತದ್ದನ್ನು ಭಕ್ತಿಯಿಂದಲೂ ಕಾಣುವ ರೂಢಿ ನಮ್ಮಲ್ಲಿದೆ. ದೋಷಗಳ ಪಟ್ಟಿ ಉದ್ದವಾಗಿದೆ ಎಂಬುದು ಟೂಲ್ ಕೆಟ್ಟದ್ದೆಂಬುದಕ್ಕೆ ಪುರಾವೆಯಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಸಿಸ್ಮಿತ್ ಎಂಬ ಪ್ರೋಗ್ರಾಂನಿಂದ ಯಾದೃಚ್ಛಿಕ ಸಿ ಕೋಡ್ ಸೃಷ್ಟಿಸಿ ಕಂಪೈಲರ್‌ಗಳಿಗೆ ಉಣಿಸಿ, ಅದುವರೆಗೆ ಗೊತ್ತಿರದ 325ಕ್ಕೂ ಹೆಚ್ಚು ದೋಷಗಳನ್ನು ಪತ್ತೆಹಚ್ಚಿದ್ದಾಗಿ 2011ರಲ್ಲಿ ಪ್ರಕಟಿಸಿದರು. ಪರೀಕ್ಷಿಸಿದ ಕಂಪೈಲರ್‌ಗಳಲ್ಲಿ ಮಾರಾಟದವೂ ಇದ್ದವು, ಮುಕ್ತವಾದವೂ ಇದ್ದವು. ಹೀಗಾಗಿ ಪಟ್ಟಿಯನ್ನು ಓದುವಾಗ ನಿಮ್ಮ ಪ್ರೊಸೆಸರ್‌ಗೆ, ಕೋಡನ್ನು ಚುರುಕುಗೊಳಿಸಲು ಕಂಪೈಲರ್‌ನಲ್ಲಿ ನೀವು ಆರಿಸಿದ ಆಪ್ಟಿಮೈಸೇಶನ್ ಮಟ್ಟಕ್ಕೆ ಸಂಬಂಧಿಸಿದ ದೋಷಗಳನ್ನಷ್ಟೇ ಹೆಕ್ಕಿ, ಪ್ರತಿಯೊಂದರ ಮುಂದೆಯೂ ‘ನಮಗೆ ತಟ್ಟುತ್ತದೆ’, ‘ತಟ್ಟುವುದಿಲ್ಲ, ಏಕೆಂದರೆ...’ ಎಂದು ಬರೆಯಿರಿ.

‘ಹಿಂದಿನ ಪ್ರಾಜೆಕ್ಟ್‌ನಲ್ಲಿ ಚೆನ್ನಾಗಿಯೇ ಕೆಲಸ ಮಾಡಿತ್ತು’ ಎಂಬ ವಾದಕ್ಕೆ ತೂಕವಿದೆ, ಆದರೆ ಮಿತಿಯೂ ಇದೆ. 1985ರಿಂದ 1987ರ ನಡುವೆ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ ಆರು ಮಂದಿಗೆ ವಿಪರೀತ ಪ್ರಮಾಣದ ವಿಕಿರಣ ಹಾಯಿಸಿತು. ಅದಕ್ಕೆ ಕಾರಣವಾದ ದೋಷಗಳಲ್ಲಿ ಒಂದು ಹಿಂದಿನ ಮಾದರಿಯಾದ ಥೆರಾಕ್-20ರ ಸಾಫ್ಟ್‌ವೇರ್‌ನಲ್ಲೂ ಇತ್ತು. ಆ ಯಂತ್ರದಲ್ಲಿದ್ದ ಹಾರ್ಡ್‌ವೇರ್ ತಡೆಗಳು ಅನಾಹುತವನ್ನು ತಪ್ಪಿಸುತ್ತಿದ್ದುದರಿಂದ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಟೂಲ್‌ನ ವಿಷಯದಲ್ಲೂ ಹಿಂದೆ ಅದರ ತಪ್ಪನ್ನು ಬೇರೆ ಯಾವುದೋ ತಡೆ ಸದ್ದಿಲ್ಲದೆ ಹಿಡಿಯುತ್ತಿತ್ತೇ ಎಂದು ವಿಚಾರಿಸಬೇಕು.

ಐದನೇ ಹಂತ: ಗೊತ್ತಿರುವ ತಪ್ಪನ್ನು ನೆಟ್ಟು ನೋಡಿ

ಟೂಲ್ ಸರಿಯಾಗಿ ಕೆಲಸ ಮಾಡುವುದನ್ನು ತೋರಿಸುವ ಡೆಮೊ ಮಾರಾಟಗಾರರ ಬಳಿ ಇದ್ದೇ ಇರುತ್ತದೆ. ನಿಮಗೆ ಬೇಕಾದದ್ದು ಅದು ತಪ್ಪನ್ನು ಹಿಡಿಯುತ್ತದೆಯೇ ಎಂಬುದು. ಅದಕ್ಕಾಗಿ ನಿಮ್ಮದೇ ಕೋಡ್‌ನಲ್ಲಿ, ನಿಮ್ಮದೇ ಯಂತ್ರದಲ್ಲಿ ತಪ್ಪನ್ನು ನೀವೇ ನೆಡಬೇಕು.

ಪಂಪ್‌ನ ಮುಖ್ಯ ಲೆಕ್ಕವನ್ನು ನೋಡೋಣ. ಡೋಪಮೈನ್‌ನಂಥ ಔಷಧವನ್ನು ವೈದ್ಯರು ನಿಮಿಷಕ್ಕೆ, ಪ್ರತಿ ಕಿಲೋ ತೂಕಕ್ಕೆ ಇಷ್ಟು ಮೈಕ್ರೋಗ್ರಾಂ ಎಂದು ಬರೆಯುತ್ತಾರೆ. ಪಂಪ್‌ಗೆ ಬೇಕಾದದ್ದು ಗಂಟೆಗೆ ಎಷ್ಟು ಮಿಲಿಲೀಟರ್ ಎಂಬುದು. ಡೋಸ್ ಅನ್ನು ತೂಕದಿಂದ, ಮತ್ತೆ 60ರಿಂದ ಗುಣಿಸಿ, ಸಿರಿಂಜಿನ ದ್ರಾವಣದ ಸಾಂದ್ರತೆಯಿಂದ ಭಾಗಿಸಬೇಕು. 50 ಮಿಲಿಲೀಟರ್‌ನಲ್ಲಿ 200 ಮಿಲಿಗ್ರಾಂ ಕರಗಿಸಿದ್ದರೆ ಸಾಂದ್ರತೆ ಮಿಲಿಲೀಟರ್‌ಗೆ 4000 ಮೈಕ್ರೋಗ್ರಾಂ. 60 ಕಿಲೋ ತೂಕದ ರೋಗಿಗೆ ಡೋಸ್ 5 ಆದರೆ, 5 × 60 × 60 = 18000; ಭಾಗಿಸಿದರೆ ಗಂಟೆಗೆ 4.5 ಮಿಲಿಲೀಟರ್. ಡೋಸ್ 10 ಆದರೆ 36000, ಅಂದರೆ ಗಂಟೆಗೆ 9 ಮಿಲಿಲೀಟರ್ ಬರಬೇಕು.

ಈಗ ಪಂಪ್‌ನಲ್ಲಿರುವುದು ಎಂಎಸ್‌ಪಿ430 ಮಾದರಿಯ ಚಿಕ್ಕ ಮೈಕ್ರೋಕಂಟ್ರೋಲರ್ ಎನ್ನಿ. ಅಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ 16 ಬಿಟ್ ಮಾತ್ರ, ಗರಿಷ್ಠ ಬೆಲೆ 32767. 36000 ಅದರಲ್ಲಿ ಹಿಡಿಯದೆ, ಸಾಮಾನ್ಯವಾಗಿ −29536 ಆಗಿಬಿಡುತ್ತದೆ. ಸಿ ಭಾಷೆಯ ನಿಯಮದ ಪ್ರಕಾರ ಹೀಗೆಯೇ ಆಗುತ್ತದೆಂಬ ಖಾತ್ರಿಯೂ ಇಲ್ಲ. ಇದೇ ಕೋಡನ್ನು ಲ್ಯಾಪ್‌ಟಾಪ್‌ನಲ್ಲಿ ಯೂನಿಟ್ ಟೆಸ್ಟ್ ಮಾಡಿದರೆ ಅಲ್ಲಿ ಪೂರ್ಣಾಂಕ 32 ಬಿಟ್ ಇರುವುದರಿಂದ ಉತ್ತರ 9 ಎಂದೇ ಬಂದು ಟೆಸ್ಟ್ ಹಸಿರಾಗುತ್ತದೆ, ಅಂದರೆ ಪಾಸಾಗುತ್ತದೆ. ಅನಲೈಸರನ್ನು ಲ್ಯಾಪ್‌ಟಾಪ್‌ಗೆ ಹೊಂದಿಕೊಂಡ ಮೂಲ ಸೆಟ್ಟಿಂಗ್‌ನಲ್ಲಿಯೇ ಓಡಿಸಿದರೆ ಅದೂ ಸುಮ್ಮನಿರುತ್ತದೆ. ಸೆಟ್ಟಿಂಗ್‌ನಲ್ಲಿ ಪೂರ್ಣಾಂಕದ ಗಾತ್ರವನ್ನು 16 ಬಿಟ್ ಎಂದು ಬದಲಿಸಿ, ಡೋಸ್ ಮತ್ತು ತೂಕದ ಗರಿಷ್ಠ ಮಿತಿಗಳು ಅದಕ್ಕೆ ತಿಳಿಯುವಂತೆ ಮಾಡಿ, ಮತ್ತೆ ಓಡಿಸಿ. ಈಗ ಎಚ್ಚರಿಸಿತೇ? ಎಚ್ಚರಿಸಿದರೆ ‘ಈ ಆವೃತ್ತಿ, ಈ ಸೆಟ್ಟಿಂಗ್, ಈ ತಪ್ಪು, ಹಿಡಿಯಿತು’ ಎಂದು ಬರೆದಿಡಿ. ಎಚ್ಚರಿಸದಿದ್ದರೆ ಟೂಲನ್ನು ಎಸೆಯಬೇಕೆಂದಿಲ್ಲ. ಈ ಬಗೆಯ ತಪ್ಪಿಗೆ ಬೇರೆ ಕಾವಲು, ಅಂದರೆ ನಿಜವಾದ ಪಂಪ್‌ನ ಮೇಲೆಯೇ ಗರಿಷ್ಠ ಮಿತಿಯ ಟೆಸ್ಟ್, ಬೇಕೆಂದು ದಾಖಲಿಸಬೇಕು. ಇದೇ ರೀತಿ ಸೊನ್ನೆಯಿಂದ ಭಾಗಿಸುವುದು, ಬೆಲೆ ತುಂಬದ ವೇರಿಯೇಬಲ್, ಸರಣಿಯ ಅಂಚು ದಾಟುವುದು, ಎರಡು ಕೆಲಸಗಳು ಒಂದೇ ಬೆಲೆಯನ್ನು ಏಕಕಾಲಕ್ಕೆ ತಿದ್ದುವುದು ಇವನ್ನೂ ನೆಡಿ. ತಪ್ಪೇ ಇಲ್ಲದ ಕೆಲವು ಭಾಗಗಳನ್ನೂ ಕೊಡಿ, ಏಕೆಂದರೆ ಎಲ್ಲದಕ್ಕೂ ಕೂಗುವ ಟೂಲ್‌ನ ಎಚ್ಚರಿಕೆಗಳನ್ನು ಕ್ರಮೇಣ ಯಾರೂ ಓದುವುದಿಲ್ಲ.

ಟೆಸ್ಟ್ ಸರ್ವರ್‌ಗೂ ಇದೇ ಚಿಕಿತ್ಸೆ. ಒಂದು ಟೆಸ್ಟನ್ನು ಬೇಕೆಂದೇ ಕೆಡಿಸಿ, ಬಿಲ್ಡ್ (ಕೋಡನ್ನು ಕಟ್ಟಿ ಟೆಸ್ಟ್ ಓಡಿಸುವ ಇಡೀ ಪ್ರಕ್ರಿಯೆ) ಕೆಂಪಾಗುತ್ತದೆಯೇ ನೋಡಿ. ಲಿನಕ್ಸ್‌ನಲ್ಲಿ ಟೆಸ್ಟ್‌ನ ಹೊರಹರಿವನ್ನು ಪೈಪ್ ಮಾಡಿ ‘ಟೀ’ ಕಮಾಂಡ್ ಮೂಲಕ ಲಾಗ್ ಕಡತಕ್ಕೂ ಬರೆಸುವುದು ಸರ್ವೇಸಾಮಾನ್ಯ. ಹಾಗೆ ಮಾಡಿದಾಗ ಶೆಲ್ ಹಿಂದಿರುಗಿಸುವುದು ಪೈಪ್‌ನ ಕೊನೆಯ ಕಮಾಂಡ್‌ನ, ಅಂದರೆ ಟೀಯ ಫಲಿತಾಂಶವನ್ನು. ಟೆಸ್ಟ್ ಸೋತರೂ ಟೀ ಗೆದ್ದಿರುತ್ತದೆ, ಬಿಲ್ಡ್ ಹಸಿರಾಗಿರುತ್ತದೆ. ಬ್ಯಾಶ್‌ನಲ್ಲಿ ‘ಪೈಪ್‌ಫೇಲ್’ ಎಂಬ ಆಯ್ಕೆಯನ್ನು ಹಾಕಿದರೆ ಇದು ಸರಿಹೋಗುತ್ತದೆ. ಆದರೆ ಕೆಡಿಸಿ ನೋಡದವರಿಗೆ ಇದು ಗೊತ್ತಾಗುವ ಬಗೆಯೇ ಇಲ್ಲ.

ಟ್ಯಾಬ್ಲೆಟ್ ಆ್ಯಪ್‌ನ ಫ್ರೇಮ್‌ವರ್ಕ್ ಮತ್ತು ಡೇಟಾಬೇಸ್‌ಗಳನ್ನು ಒರೆಗೆ ಹಚ್ಚುವಾಗ ಕನ್ನಡದ ಹೆಸರುಗಳನ್ನೇ ಕೊಡಿ. ನಮ್ಮ ಜಿಲ್ಲೆಗಳಲ್ಲಿ ಕೋಟ್ಯಾನ್ ಎಂಬ ಹೆಸರು ಹೆಜ್ಜೆಗೊಂದು ಸಿಗುತ್ತದೆ. ಯೂನಿಕೋಡ್‌ನಲ್ಲಿ ಅದರ ‘ಕೋ’ದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಮೊದಲ ಬಗೆಯಲ್ಲಿ ಇಡೀ ಹೆಸರಿಗೆ 8 ಸಂಕೇತಗಳು, ಎರಡನೆಯದರಲ್ಲಿ 10. ಪರದೆಯ ಮೇಲೆ ಮಾತ್ರ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಒಂದು ಬಗೆಯಲ್ಲಿ ನೋಂದಾಯಿಸಿ ಇನ್ನೊಂದರಲ್ಲಿ ಹುಡುಕಿ: ರೋಗಿ ಸಿಗದಿದ್ದರೆ ಅದೇ ವ್ಯಕ್ತಿಗೆ ಎರಡನೇ ದಾಖಲೆ ತೆರೆದುಕೊಳ್ಳುತ್ತದೆ, ಅಲರ್ಜಿಯ ಟಿಪ್ಪಣಿ ಮೊದಲನೆಯದರಲ್ಲಿಯೇ ಉಳಿಯುತ್ತದೆ. ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದರೆ ಈ ಸಮಸ್ಯೆ ಪರಿಹಾರವಾಗುತ್ತದೆ. ಆದರೆ ‘ರಾಜ್‌ಕುಮಾರ್’ ಎಂಬಲ್ಲಿ ಜಕಾರ ಕಕಾರಗಳನ್ನು ಬಿಡಿಸಲು ನಡುವೆ ಹಾಕುವ ಅದೃಶ್ಯ ಸಂಕೇತವನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಅದಕ್ಕೆ ಹುಡುಕಾಟದಲ್ಲಿಯೇ ಪ್ರತ್ಯೇಕ ವ್ಯವಸ್ಥೆ ಬೇಕು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತವೂ 3 ಬೈಟ್ ಹಿಡಿಯುವುದರಿಂದ, ಬೈಟ್ ಲೆಕ್ಕದಲ್ಲಿ ಮಿತಿ ಹಾಕಿದ ಹೆಸರಿನ ಜಾಗದಲ್ಲಿ ಉದ್ದದ ಹೆಸರುಗಳ ಬಾಲ ಕತ್ತರಿಸಿಹೋಗುವುದನ್ನೂ ಪರೀಕ್ಷಿಸಿ.

ಇನ್ನೊಂದು ಚಿಕ್ಕ ಪರೀಕ್ಷೆ: ಇಂಟರ್ನೆಟ್ ಕೇಬಲ್ ತೆಗೆದು ಬಿಲ್ಡ್ ಮಾಡಿ. ಆಟಿ ತಿಂಗಳ ಮಳೆಗೆ ಕರೆಂಟೂ ನೆಟ್ಟೂ ಒಟ್ಟಿಗೆ ಹೋಗುವ ಊರಿನಲ್ಲಿ, ದೂರದ ಲೈಸೆನ್ಸ್ ಸರ್ವರನ್ನು ಕೇಳದೆ ಓಡದ ಟೂಲ್ ಯಾವುದೆಂದು ಮೊದಲೇ ತಿಳಿದಿರಬೇಕು. ನಡುವೆ ಕಡಿದುಹೋದ ಬಿಲ್ಡ್ ಅರ್ಧ ಹಳೆಯ, ಅರ್ಧ ಹೊಸ ಕಡತಗಳನ್ನು ಬೆರೆಸಿಬಿಡುತ್ತದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ.

ಆರನೇ ಹಂತ: ಕ್ಲೌಡ್ ಮತ್ತು ಕೋಡ್ ಬರೆಯುವ ಎಐ

ನಿಜವಾದ ರೋಗಿಗಳ ಮಾಹಿತಿಯನ್ನು ಯಾವ ಡೆವಲಪ್‌ಮೆಂಟ್ ಟೂಲ್‌ಗೂ ಕೊಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೊಣೆಯೂ ಅದರೊಂದಿಗೆ ಬರುತ್ತದೆ. ಸಿಂಥಿಯಾದಂಥ ಮುಕ್ತ ಟೂಲ್ ಕೃತಕ ರೋಗಿಗಳ ದಾಖಲೆಗಳನ್ನು ಸೃಷ್ಟಿಸಿ ಕೊಡುತ್ತದೆ. ಅದರ ಹೆಸರುಗಳನ್ನು ನಮ್ಮ ಊರಿನವುಗಳಿಗೆ ಬದಲಿಸಿಕೊಳ್ಳಬೇಕು, ಅಷ್ಟೆ.

ಎಐ ಸಹಾಯಕಗಳು ಮೇಲಿನ ಕ್ರಮಕ್ಕೆ ಪೂರ್ತಿ ಒಗ್ಗುವುದಿಲ್ಲ. ಒಂದೇ ಪ್ರಶ್ನೆಗೆ ಅವು ಎರಡು ಸಲ ಎರಡು ಉತ್ತರ ಕೊಡಬಹುದು, ಹಿಂದಿರುವ ಮಾದರಿ ನಿಮಗೆ ತಿಳಿಯದಂತೆ ಬದಲಾಗಬಹುದು. ಆದ್ದರಿಂದ ಟೂಲನ್ನು ಒಮ್ಮೆ ಪರೀಕ್ಷಿಸಿ ಮುಗಿಸುವ ಬದಲು ಅದರಿಂದ ಬಂದದ್ದಕ್ಕೆಲ್ಲ ಕಾವಲು ಹಾಕಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಎರಡು ನಿಯಮಗಳಿಗೆ ವಿನಾಯಿತಿ ಇರಕೂಡದು: ಕೋಡನ್ನೂ ಅದರ ಟೆಸ್ಟನ್ನೂ ಒಂದೇ ಎಐಯಿಂದ ಬರೆಸಬಾರದು, ಏಕೆಂದರೆ ಅಗತ್ಯವನ್ನು ಅದು ತಪ್ಪಾಗಿ ತಿಳಿದಿದ್ದರೆ ಎರಡೂ ಒಂದೇ ರೀತಿ ತಪ್ಪಾಗಿ ಪರಸ್ಪರ ಒಪ್ಪಿಕೊಳ್ಳುತ್ತವೆ, ಮತ್ತು ಅದು ಸೂಚಿಸಿದ ಯಾವುದೇ ಲೈಬ್ರರಿಯನ್ನು ಹೆಸರು ನಿಜವಾಗಿ ಅಸ್ತಿತ್ವದಲ್ಲಿದೆಯೇ, ಯಾರದು ಎಂದು ನೋಡದೆ ಇನ್‌ಸ್ಟಾಲ್ ಮಾಡಬಾರದು. ಇಲ್ಲದ ಲೈಬ್ರರಿಗಳ ಹೆಸರನ್ನು ಎಐಗಳು ಕಲ್ಪಿಸಿಕೊಳ್ಳುವುದುಂಟು, ಅಂಥ ಹೆಸರಿನಲ್ಲಿ ದುರುದ್ದೇಶದ ಕೋಡ್ ಇಟ್ಟು ಕಾಯುವವರೂ ಇರಬಹುದು.

ಏಳನೇ ಹಂತ: ದಾಖಲೆ, ಆವೃತ್ತಿ, ಮರುಪರಿಶೀಲನೆ

ಮೇಲಿನ ದರ್ಜೆಯ ಪ್ರತಿ ಬಳಕೆಗೂ ಒಂದೆರಡು ಪುಟದ ದಾಖಲೆ ಸಾಕು: ಬಳಕೆಯ ವಾಕ್ಯ, ಎರಡು ಪ್ರಶ್ನೆಗಳ ಉತ್ತರ, ಆವೃತ್ತಿ ಮತ್ತು ಸೆಟ್ಟಿಂಗ್‌ಗಳು, ನೆಟ್ಟ ತಪ್ಪುಗಳು ಮತ್ತು ಫಲಿತಾಂಶ, ಉಳಿದ ಮಿತಿಗಳು, ಒಪ್ಪಿದವರ ಸಹಿ, ದಿನಾಂಕ. ನೆಟ್ಟ ತಪ್ಪುಗಳಿರುವ ಕೋಡನ್ನು ಗಿಟ್‌ನಲ್ಲಿ ಪ್ರತ್ಯೇಕವಾಗಿ ಉಳಿಸಿಕೊಂಡರೆ ಮುಂದಿನ ಆವೃತ್ತಿಯ ಪರಿಶೀಲನೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಟೂಲ್‌ಗಳು ತಾವಾಗಿಯೇ ಅಪ್‌ಡೇಟ್ ಆಗುವ ವ್ಯವಸ್ಥೆಯನ್ನು ಬಿಲ್ಡ್ ಯಂತ್ರದಲ್ಲಿ ನಿಲ್ಲಿಸಿಡಿ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಂಕುಚನ ಟೂಲ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಸೇರಿಸಿರುವುದು ಬಯಲಾದಾಗ, ಹಳೆಯ ಆವೃತ್ತಿಯಲ್ಲೇ ಉಳಿದಿದ್ದವರಿಗೆ ಅದು ತಟ್ಟಲಿಲ್ಲ. ಹಾಗೆಂದು ಎಂದೆಂದಿಗೂ ಹಳೆಯದರಲ್ಲಿಯೇ ಕೂರುವುದೂ ಸುರಕ್ಷಿತವಲ್ಲ, ಭದ್ರತಾ ತಿದ್ದುಪಡಿಗಳು ತಪ್ಪಿಹೋಗುತ್ತವೆ. ಅಪ್‌ಡೇಟನ್ನು ಯಾವಾಗ ತೆಗೆದುಕೊಳ್ಳಬೇಕೆಂದು ನೀವೇ ನಿರ್ಧರಿಸಿ, ತೆಗೆದುಕೊಂಡಾಗಲೆಲ್ಲ ನೆಟ್ಟ ತಪ್ಪುಗಳನ್ನು ಮತ್ತೆ ಓಡಿಸಬೇಕು. ಪ್ರೊಸೆಸರ್ ಬದಲಾದಾಗ, ಆಪ್ಟಿಮೈಸೇಶನ್ ಮಟ್ಟ ಬದಲಾದಾಗ, ಟೂಲನ್ನು ಹೊಸ ಕೆಲಸಕ್ಕೆ ಹಚ್ಚಿದಾಗಲೂ ಹಾಗೆಯೇ.

ಐಎಸ್‌ಒ 13485ರಂತೆ ದಾಖಲೆಗಳನ್ನು ಉಪಕರಣದ ಬಾಳಿಕೆಯ ಅವಧಿಯವರೆಗಾದರೂ, ಬಿಡುಗಡೆಯ ದಿನದಿಂದ ಕನಿಷ್ಠ 2 ವರ್ಷವಾದರೂ ಉಳಿಸಬೇಕು. ಯುರೋಪಿಗೆ ಮಾರುವುದಾದರೆ ಕೊನೆಯ ಉಪಕರಣ ಮಾರುಕಟ್ಟೆಗೆ ಹೋದ ಮೇಲೆ 10 ವರ್ಷ. ಕಾಗದ ಉಳಿದು ಕಂಪೈಲರ್ ಕಾಣೆಯಾದರೆ ಏಳನೇ ವರ್ಷದಲ್ಲಿ ದೂರು ಬಂದಾಗ ಅದೇ ಬೈನರಿಯನ್ನು ಮತ್ತೆ ಕಟ್ಟಲು ಸಾಧ್ಯವಾಗುವುದಿಲ್ಲ. ಆದ್ದರಿಂದ ಪ್ರತಿ ಬಿಡುಗಡೆಯ ಜೊತೆ ಇಡೀ ಬಿಲ್ಡ್ ಯಂತ್ರದ ಪ್ರತಿಯನ್ನು, ಲೈಸೆನ್ಸ್ ಕಡತ ಸಮೇತ, ಕಚೇರಿಯಿಂದ ಹೊರಗಿನ ಇನ್ನೊಂದು ಕಡೆಯೂ ಇರಿಸಿ, ವರ್ಷಕ್ಕೊಮ್ಮೆ ಆ ಪ್ರತಿಯಿಂದಲೇ ಬಿಲ್ಡ್ ಮಾಡಿ, ಹೊರಬಂದ ಬೈನರಿ ಮೊದಲಿನದಕ್ಕೆ ಬೈಟ್ ಬೈಟಿಗೂ ಸರಿಹೊಂದುತ್ತದೆಯೇ ಎಂದು ತಾಳೆ ನೋಡಿ. ಬಿಲ್ಡ್ ಮಾಡಿದ ದಿನಾಂಕವನ್ನು ಬೈನರಿಯೊಳಗೆ ಬರೆಯುವ ಅಭ್ಯಾಸವಿದ್ದರೆ ಈ ತಾಳೆ ಎಂದಿಗೂ ಕೂಡುವುದಿಲ್ಲ. ಮೊದಲ ಬಿಡುಗಡೆಗೆ ಮುನ್ನವೇ ಅದನ್ನು ತೆಗೆದುಹಾಕಿ, ಆ ಜಾಗದಲ್ಲಿ ಕೋಡ್‌ನ ಆ ಆವೃತ್ತಿಗೆ ಗಿಟ್ ಕೊಟ್ಟ ಸಂಖ್ಯೆಯನ್ನು ಬರೆಯುವಂತೆ ಮಾಡಿ.